ಬೆಟ್ಟ ಸೇರಿದ ದನಗಳನ್ನು ದಾಖಲಾತಿಯಲ್ಲಿ ಯಾವ ಹೆಸರಿನಿಂದ ಬರೆಯಬೇಕು?

ಬೆಟ್ಟದಡಿ (ಮಧುಗಿರಿ)

ನಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು ಊರಿನ ಜೀವಿಗಳನ್ನೆಲ್ಲ ಪಟ್ಟಿ ಮಾಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಪರಿಷ್ಕರಿಸುತ್ತಿದ್ದು, ಪ್ರಾಣಿಗಳ ಭಾಗವನ್ನು ಬರೆಯುವ ಕೆಲಸವನ್ನು ನಿವೃತ್ತ ಶಿಕ್ಷಕನಾದ ನನಗೆ ಒಪ್ಪಿಸಿದ್ದಾರೆ. ನಮೂನೆಯಲ್ಲಿ ಸಾಕುಪ್ರಾಣಿಗಳಿಗೆ ಒಂದು ಕಡೆ, ಕಾಡುಪ್ರಾಣಿಗಳಿಗೆ ಇನ್ನೊಂದು ಕಡೆ ಜಾಗವಿದೆ. ಕುರಿ, ಮೇಕೆ, ಹಳ್ಳಿಕಾರ್ ಎತ್ತು, ಸೀಮೆ ಹಸು ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಕರಡಿ, ಮುಳ್ಳುಹಂದಿ, ನವಿಲುಗಳಿಗೂ ಕಷ್ಟವಾಗಲಿಲ್ಲ. ತೊಡಕಾದದ್ದು ಒಂದು ದನದ ಗುಂಪಿನಿಂದ.

ಪಾವಗಡದ ದಿಕ್ಕಿಗೆ ಚಾಚಿಕೊಂಡಿರುವ ಕಲ್ಲುಬೆಟ್ಟಗಳ ಸಾಲಿನಲ್ಲಿ ಹದಿನಾಲ್ಕು ದನಗಳಿವೆ. ಅವು ಯಾರ ಕೊಟ್ಟಿಗೆಗೂ ಬರುವುದಿಲ್ಲ, ಯಾರೂ ಅವುಗಳನ್ನು ತಮ್ಮದೆನ್ನುವುದಿಲ್ಲ. ಬೇಸಿಗೆಯಲ್ಲಿ ನಸುಕಿಗೇ ಬೆಟ್ಟದ ಹಿಂದಿನ ಕಟ್ಟೆಗೆ ನೀರಿಗಿಳಿದು, ಬಿಸಿಲೇರುವ ಮೊದಲೇ ಜಾಲಿಯ ಪೊದೆಗಳಲ್ಲಿ ಮರೆಯಾಗುತ್ತವೆ. ಮನುಷ್ಯರ ವಾಸನೆ ಬಡಿದರೆ ನಿಲ್ಲುವುದೇ ಇಲ್ಲ. ಮೇವಿಲ್ಲದ ಒಂದು ಬರಗಾಲದಲ್ಲಿ ಹಗ್ಗ ಬಿಚ್ಚಿ ಬಿಟ್ಟ ದನಗಳ ಸಂತತಿಯಿದು ಎಂದು ಹಿರಿಯರು ಹೇಳುತ್ತಾರಾದರೂ, ಯಾವ ಬರ ಎಂದು ಕೇಳಿದರೆ ಒಬ್ಬರ ಮಾತಿಗೆ ಇನ್ನೊಬ್ಬರದು ಹೊಂದುವುದಿಲ್ಲ. ಬೆಟ್ಟದ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ದನ ಹಿಡಿಯಲು ಬರುವವರೂ ಓದುತ್ತಾರೆ.

ಸಮಿತಿಯಲ್ಲಿ ಒಬ್ಬರು ಇವನ್ನು "ಬೀಡಾಡಿ ದನ" ಎಂದು ಬರೆಯಿರಿ ಎನ್ನುತ್ತಾರೆ. ಇನ್ನೊಬ್ಬರು "ಕಾಡುದನ" ಎಂದು ಕಾಡುಪ್ರಾಣಿಗಳ ಪಟ್ಟಿಗೆ ಸೇರಿಸಬೇಕೆನ್ನುತ್ತಾರೆ. ಒಬ್ಬ ಉತ್ಸಾಹಿ ಯುವಕನಂತೂ, ಇವು ಕುಳ್ಳಾಗಿರುವುದರಿಂದ ಬೆಟ್ಟದ ಹೆಸರನ್ನೇ ಕೊಟ್ಟು ಹೊಸ "ಗಿಡ್ಡ ತಳಿ" ಎಂದು ಘೋಷಿಸಬೇಕೆಂದು ಹಟ ಹಿಡಿದಿದ್ದಾನೆ. ಮೂರೂ ನನಗೆ ಒಪ್ಪಿಗೆಯಾಗುತ್ತಿಲ್ಲ, ಆದರೆ ಏಕೆ ಒಪ್ಪಿಗೆಯಾಗುತ್ತಿಲ್ಲವೆಂದು ಅವರಿಗೆ ತಿಳಿಹೇಳುವಷ್ಟು ಓದು ನನಗಿಲ್ಲ. ಬಲ್ಲವರು ತಿದ್ದಬೇಕು.

ದನದಾಸ್ಪತ್ರೆ (ಶಿರಾ)

ಮೇಷ್ಟರೇ, ಮೊದಲನೆಯ ಹೆಸರನ್ನು ನಿಸ್ಸಂಕೋಚವಾಗಿ ಕೈಬಿಡಿ. ಬೀಡಾಡಿ ದನವೆಂದರೆ ಸಂತೆ ಬೀದಿಯಲ್ಲಿ ತರಕಾರಿ ಸಿಪ್ಪೆ ತಿನ್ನುತ್ತ, ಬಸ್ ನಿಲ್ದಾಣದ ನೆರಳಿನಲ್ಲಿ ಮೆಲುಕು ಹಾಕುವ ದನ. ಅದಕ್ಕೆ ಒಡೆಯ ಇಲ್ಲದಿರಬಹುದು, ಆದರೆ ಅದರ ಹೊಟ್ಟೆ ತುಂಬುವುದು ಮನುಷ್ಯರ ಊರಿನಿಂದಲೇ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 50 ಲಕ್ಷ ಬೀಡಾಡಿ ದನಗಳು ಲೆಕ್ಕಕ್ಕೆ ಸಿಕ್ಕಿದ್ದವು. ನಿಮ್ಮ ಹದಿನಾಲ್ಕನ್ನು ಅದರಲ್ಲಿ ಸೇರಿಸಿದರೆ ಅವುಗಳ ವಿಶೇಷವೇ ಕಳೆದುಹೋಗುತ್ತದೆ.

ಹಾಗಾದರೆ ಇಂಗ್ಲಿಷಿನವರು "ಫೆರಲ್" ಎನ್ನುವ ಗುಂಪಿಗೆ ಇವು ಸೇರುತ್ತವೆಯೆ ಎಂಬುದನ್ನು ನೋಡಬೇಕು. ಒಂದು ಕಾಲಕ್ಕೆ ಸಾಕಿದ ಪ್ರಾಣಿಯ ವಂಶಕ್ಕೆ ಸೇರಿ, ಈಗ ಮೇವು, ನೀರು, ರಕ್ಷಣೆ, ಸಂತಾನ ಈ ನಾಲ್ಕಕ್ಕೂ ಮನುಷ್ಯನನ್ನು ನೆಚ್ಚದೆ ಬದುಕುವುದೇ ಅದರ ಲಕ್ಷಣ. ನಾಲ್ಕರಲ್ಲಿ ಸಂತಾನವೇ ಮುಖ್ಯವೆಂದು ನನ್ನ ಅಭಿಪ್ರಾಯ. ಯಾವ ಹೋರಿ ಯಾವ ಹಸುವಿಗೆ ಕೂಡಬೇಕೆಂಬುದನ್ನು ಮನುಷ್ಯ ನಿರ್ಧರಿಸುವುದನ್ನು ಬಿಟ್ಟ ದಿನ ಆ ಹಿಂಡು ಬೇರೆ ದಾರಿ ಹಿಡಿಯಿತೆಂದು ಲೆಕ್ಕ.

ಸ್ವಭಾವವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ನಮ್ಮ ಜಿಲ್ಲೆಯ ಕಾವಲುಗಳಲ್ಲಿಯೂ, ಅಂದರೆ ಮೀಸಲು ಹುಲ್ಲುಗಾವಲುಗಳಲ್ಲಿಯೂ, ಮೇದ ಅಮೃತಮಹಲ್ ದನಗಳನ್ನೇ ನೋಡಿ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಬಯಲಿನಲ್ಲಿಯೇ ಹುಟ್ಟಿ ಬಯಲಿನಲ್ಲಿಯೇ ಬೆಳೆದ ಆ ದನಗಳ ಹತ್ತಿರ ಕಾಯುವವರಲ್ಲದೆ ಬೇರೆಯವರು ಸುಳಿಯುವಂತಿರಲಿಲ್ಲ. ಆದರೂ ಅವು ಫೆರಲ್ ಅಲ್ಲ, ಏಕೆಂದರೆ ಬೀಜಕ್ಕೆ ಯಾವ ಹೋರಿ ಉಳಿಯಬೇಕು, ಯಾವುದನ್ನು ಒಡೆದು ಎತ್ತು ಮಾಡಬೇಕು ಎಂಬುದು ಸರ್ಕಾರದ ಕೈಯಲ್ಲಿತ್ತು.

ನೀವು ದುರ್ಬೀನು ಹಿಡಿದು ಮೂರು ಸಂಗತಿಗಳನ್ನು ನೋಡಿ ಬರೆಯಿರಿ. ಮೂಗುದಾರಕ್ಕೆ ಚುಚ್ಚಿದ ಗುರುತು ಯಾವುದಕ್ಕಾದರೂ ಇದೆಯೆ? ಮೈಮೇಲೆ ಬರೆ ಅಥವಾ ಮುದ್ರೆಯ ಕಲೆ ಇದೆಯೆ? ಒಡೆದ ಎತ್ತು ಒಂದಾದರೂ ಗುಂಪಿನಲ್ಲಿದೆಯೆ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಅವೆಲ್ಲವೂ ಬೆಟ್ಟದಲ್ಲಿಯೇ ಹುಟ್ಟಿದವು ಎನ್ನಲು ಗಟ್ಟಿ ಆಧಾರ ಸಿಕ್ಕಂತೆ. ಗಂಡು ಹೆಣ್ಣುಗಳ ಎಣಿಕೆಯನ್ನೂ ಮರೆಯಬೇಡಿ. ಸಾಕಿದ ಹಿಂಡಿನಲ್ಲಿ ಹಸುಗಳೇ ಹೆಚ್ಚು, ತನ್ನಷ್ಟಕ್ಕೆ ಬೆಳೆದ ಗುಂಪಿನಲ್ಲಿ ಹೋರಿಗಳ ಸಂಖ್ಯೆ ಅಷ್ಟು ಕಡಿಮೆಯಿರುವುದಿಲ್ಲ.

ಪದಕೋಶ (ಗೌರಿಬಿದನೂರು)

ಡಾಕ್ಟರು ಲಕ್ಷಣ ಹೇಳಿದ್ದಾರೆ, ನಾನು ಎರಡನೆಯ ಹೆಸರನ್ನು ಕುರಿತು ಹೇಳುತ್ತೇನೆ. "ಕಾಡುದನ" ಎಂಬುದು ಕಿವಿಗೆ ಸರಿಯೆನ್ನಿಸಿದರೂ ಕನ್ನಡದ ಪದರಚನೆಗೆ ಒಗ್ಗುವುದಿಲ್ಲ. ನಾವು ಸಾಕುಪ್ರಾಣಿಯ ಹೆಸರಿನ ಹಿಂದೆ "ಕಾಡು" ಸೇರಿಸಿದಾಗ, ಆ ಸಾಕುಪ್ರಾಣಿ ಕಾಡಿಗೆ ಹೋಯಿತು ಎಂಬ ಅರ್ಥ ಬರುವುದು ಬಹಳ ಅಪರೂಪ. ಅದನ್ನು ಹೋಲುವ ಅಥವಾ ಹೋಲುತ್ತದೆಂದು ಹಿಂದಿನವರಿಗೆ ತೋರಿದ ಬೇರೊಂದು ಪ್ರಾಣಿ ಎಂದೇ ಸಾಮಾನ್ಯವಾಗಿ ಅರ್ಥ. ಕಾಡುಕುರಿ ಕುರಿಯಲ್ಲ, ಬೊಗಳುವ ಜಿಂಕೆ. ಕಾಡೆಮ್ಮೆ ಎಮ್ಮೆಯಲ್ಲ, ಕಾಟಿ ಎಂದೂ ಕರೆಯುವ ಆ ಪ್ರಾಣಿ ಎಮ್ಮೆಗಿಂತ ದನಕ್ಕೇ ಹತ್ತಿರದ ನೆಂಟ. ಇನ್ನು ನಿಮ್ಮ ತುಮಕೂರಿನ ಕಾಡುಪಾಪ ಯಾರ ಮನೆಯ ಪಾಪುವೂ ಅಲ್ಲವಲ್ಲ! ಹೀಗಿರುವಾಗ ದಾಖಲಾತಿಯಲ್ಲಿ "ಕಾಡುದನ" ಎಂದು ಬರೆದರೆ ಓದಿದವರು ಮಧುಗಿರಿಗೆ ಕಾಟಿ ಬಂದಿದೆಯೆಂದು ತಿಳಿದು ಕ್ಯಾಮೆರಾ ಹೊತ್ತು ಬರುತ್ತಾರೆ.

ನಮಗೆ ಬೇಕಾಗಿರುವುದು ಹಿಂದಿನ ಸ್ಥಿತಿಯನ್ನೂ ಈಗಿನ ಸ್ಥಿತಿಯನ್ನೂ ಒಟ್ಟಿಗೆ ಹೇಳುವ ಪದ. ಬೇಸಾಯದಲ್ಲಿ ಅಂಥ ಪದವಿದೆ: ಉಳುಮೆ ನಿಂತ ಹೊಲವನ್ನು ನಾವು ಕಾಡು ಎನ್ನುವುದಿಲ್ಲ, "ಬೀಳು" ಎನ್ನುತ್ತೇವೆ. ಎಷ್ಟೇ ಗಿಡ ಬೆಳೆದರೂ ಅದು ಒಮ್ಮೆ ನೇಗಿಲು ಕಂಡ ನೆಲವೆಂಬುದು ಆ ಹೆಸರಿನಲ್ಲಿಯೇ ಉಳಿಯುತ್ತದೆ. ದನಕ್ಕೆ "ಬೀಳು ದನ" ಎಂದರೆ ಮೇಲೇಳಲಾರದೆ ಬಿದ್ದ ದನ ಎಂಬ ಅರ್ಥ ಬಂದು ಕೆಡುತ್ತದೆ. ಹಾಗಾಗಿ "ಕಾಡುಪಾಲಾದ ದನ" ಎಂಬುದನ್ನು ಸೂಚಿಸುತ್ತೇನೆ. ನೀರುಪಾಲು, ಮಣ್ಣುಪಾಲು ಎನ್ನುವಂತೆಯೇ ಇದೂ. ಒಬ್ಬರ ಪಾಲಿನಲ್ಲಿದ್ದದ್ದು ಈಗ ಕಾಡಿನ ಪಾಲಾಗಿದೆ ಎಂಬಷ್ಟು ಚರಿತ್ರೆ ಅದರಲ್ಲಿ ಅಡಗಿದೆ. ಸ್ವಲ್ಪ ಕರುಣೆಯ ಧ್ವನಿ ಇದೆಯೆಂದು ಆಕ್ಷೇಪಿಸಬಹುದು. ಬರಗಾಲದಲ್ಲಿ ಹಗ್ಗ ಬಿಚ್ಚಿದವರಿಗೂ ಆ ಧ್ವನಿ ಇದ್ದೀತು.

ಪ್ರಾಣಿಶಾಸ್ತ್ರದ ಮೇಡಂ (ಚಿಕ್ಕಬಳ್ಳಾಪುರ)

ಕನ್ನಡದ ಹೆಸರು ಚೆನ್ನಾಗಿದೆ. ವೈಜ್ಞಾನಿಕ ಹೆಸರಿನ ವಿಷಯದಲ್ಲಿಯೂ ಗೊಂದಲ ಬೇಡವೆಂದು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಲಿನೇಯಸ್ 1758ರಲ್ಲಿ ಯುರೋಪಿನ ಸಾಕುದನಕ್ಕೆ ಬಾಸ್ ಟಾರಸ್ ಎಂದೂ ನಮ್ಮ ಇಣಿಯುಳ್ಳ ದನಕ್ಕೆ ಬಾಸ್ ಇಂಡಿಕಸ್ ಎಂದೂ ಹೆಸರಿಟ್ಟನು. ಇವೆರಡರ ಮೂಲವಾದ ಕಾಡಿನ ದನ, ಅಂದರೆ ಆರಾಕ್ಸ್, 1627ರಲ್ಲಿ ಪೋಲೆಂಡಿನ ಯಾಕ್ಟೊರುವ್ ಕಾಡಿನಲ್ಲಿ ನಿರ್ವಂಶವಾಯಿತು. ಅದಕ್ಕೆ ಬಾಸ್ ಪ್ರೈಮಿಜೀನಿಯಸ್ ಎಂಬ ಹೆಸರು ಬಂದದ್ದು 1827ರಲ್ಲಿ. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬ ನಿಯಮವನ್ನು ಕುರುಡಾಗಿ ಪಾಲಿಸಿದರೆ, ತಾಯಿಬೇರು ತನ್ನ ಕೊಂಬೆಯ ಹೆಸರನ್ನು ಹೊತ್ತುಕೊಳ್ಳಬೇಕಾದ ವಿಚಿತ್ರ ಪರಿಸ್ಥಿತಿ ಉಂಟಾಗುತ್ತಿತ್ತು. ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಆಯೋಗವು 2003ರಲ್ಲಿ ತನ್ನ 2027ನೆಯ ಅಭಿಪ್ರಾಯದ ಮೂಲಕ ಇಂಥ 17 ಕಾಡು ಪ್ರಭೇದಗಳ ಹೆಸರುಗಳನ್ನು ಪ್ರತ್ಯೇಕವಾಗಿ ಉಳಿಸಿಕೊಟ್ಟಿತು. ಇದರಿಂದ ಕಾಡಿನದಕ್ಕೆ ಕಾಡಿನ ಹೆಸರು, ಸಾಕಿದ್ದಕ್ಕೆ ಸಾಕಿದ ಹೆಸರು ಎಂಬ ಪದ್ಧತಿ ಬಲವಾಯಿತು.

ಹಾಗಾದರೆ ಸಾಕಿದ್ದು ಮತ್ತೆ ಕಾಡಿಗೆ ಹೋದರೆ? ಕಾಡಿನ ಹೆಸರು ಮರಳಿ ಸಿಗುವುದಿಲ್ಲ. ಮೇಷ್ಟರ ಹದಿನಾಲ್ಕು ದನಗಳು ನೂರು ವರ್ಷ ಬೆಟ್ಟದಲ್ಲಿದ್ದರೂ ಬಾಸ್ ಇಂಡಿಕಸ್‌ ಆಗಿಯೇ ಇರುತ್ತವೆ. ಕಾರ್ಸಿಕಾ ಮತ್ತು ಸಾರ್ಡೀನಿಯಾ ದ್ವೀಪಗಳ ಮೂಫ್ಲಾನ್ ಕುರಿಗಳ ಕಥೆ ಇಲ್ಲಿ ಪಾಠವಾಗುತ್ತದೆ. ಅವನ್ನು ಬಹುಕಾಲ ಕಾಡುಪ್ರಭೇದವೆಂದೇ ಎಣಿಸಿ ಹೆಸರಿಟ್ಟಿದ್ದರು; ನವಶಿಲಾಯುಗದ ಜನ ದ್ವೀಪಕ್ಕೆ ತಂದ ಸಾಕುಕುರಿಗಳ ಸಂತತಿಯವು ಎಂದು ತಿಳಿದ ಮೇಲೆ ಸಾಕುಕುರಿಯ ಹೆಸರಿನಡಿಗೇ ತಂದರು.

ಇಂಗ್ಲೆಂಡಿನ ಚಿಲ್ಲಿಂಗಮ್ ದನಗಳು ಇನ್ನೊಂದು ಬಗೆ. ಬಿಳಿ ಮೈ, ಕೆಂಪು ಕಿವಿಯ ಈ ದನಗಳು ಗೋಡೆ ಸುತ್ತಿದ ಉಪವನದಲ್ಲಿ ಶತಮಾನಗಳಿಂದ ತಮ್ಮಷ್ಟಕ್ಕೆ ಇವೆ. 1947ರ ಚಳಿಗಾಲದಲ್ಲಿ ಬದುಕಿ ಉಳಿದದ್ದು 13 ಮಾತ್ರ. ಇವು ಆರಾಕ್ಸ್‌ನ ನೇರ ಸಂತಾನವೆಂಬ ನಂಬಿಕೆ ಒಂದು ಕಾಲಕ್ಕೆ ಪ್ರಬಲವಾಗಿತ್ತು. ಈಗ ಮಧ್ಯಯುಗದ ಸಾಕುದನಗಳ ವಂಶವೆಂದೇ ಒಪ್ಪಿದ್ದಾರೆ. ಆದರೂ "ಕಾಡುದನ" ಎಂಬ ಪದ ಅವುಗಳ ಹೆಸರಿಗೆ ಅಂಟಿಕೊಂಡೇ ಇದೆ. ದಾಖಲಾತಿಯಲ್ಲಿ ಒಮ್ಮೆ ತಪ್ಪಾಗಿ ಬರೆದ ಪದವನ್ನು ಆಮೇಲೆ ಕೀಳುವುದು ಎಷ್ಟು ಕಷ್ಟವೆಂಬುದಕ್ಕೆ ಇದನ್ನು ನಿಮ್ಮ ಸಮಿತಿಗೆ ತೋರಿಸಿ.

ಜಗತ್ತಿನಲ್ಲಿ ಇಂಥ ಗುಂಪುಗಳಿಗೆ ಸಾಮಾನ್ಯವಾಗಿ ಇರುವ ಜಾಗದ ಹೆಸರನ್ನೇ ಇಡುತ್ತಾರೆ. ಸ್ಕಾಟ್ಲೆಂಡಿನ ಸ್ವೋನಾ ದ್ವೀಪದಿಂದ 1974ರಲ್ಲಿ ಕೊನೆಯ ನಿವಾಸಿಗಳು ಹೊರಟಾಗ ಉಳಿದವು ಸ್ವೋನಾ ದನಗಳು. ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಎಂಡರ್ಬಿ ದ್ವೀಪದ್ದು ಎಂಡರ್ಬಿ ದನ. ದ್ವೀಪದ ಸಸ್ಯಗಳನ್ನು ಕಾಪಾಡಲೆಂದು ಅವನ್ನು ಕೊಂದ ಮೇಲೆ ಉಳಿದ ಒಂದೇ ಹಸುವನ್ನು 1993ರಲ್ಲಿ ಹಿಡಿದು ತಂದು, 1998ರಲ್ಲಿ ಅದರ ತದ್ರೂಪಿ ಕರುವನ್ನು ಹುಟ್ಟಿಸಿದರು. ನಮ್ಮ ಹತ್ತಿರದಲ್ಲಿ ಶ್ರೀಹರಿಕೋಟಾದಲ್ಲಿಯೂ ಊರುಗಳು ಖಾಲಿಯಾದ ಮೇಲೆ ಉಳಿದ ದನಗಳ ಸಂತತಿ ಕಾಡುಪಾಲಾಗಿ ಬದುಕಿದೆ.

ಕಿಲಾರಿ ಮನೆ (ಪಾವಗಡ)

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಮ್ಮ ಸೀಮೆಯಲ್ಲಿ, ಚಳ್ಳಕೆರೆ ಮೊಳಕಾಲ್ಮೂರುಗಳವರೆಗೂ, ನಮ್ಮ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳ ಹಿಂಡುಗಳಿವೆ. ಅವಕ್ಕೆ ನೊಗ ಹೂಡುವುದಿಲ್ಲ, ಸತ್ತರೆ ಮಣ್ಣು ಮಾಡುತ್ತೇವೆ. ಗೋಮಾಳಗಳು ಕೈಬಿಟ್ಟ ಮೇಲೆ ಮೇವಿಗಾಗಿ ದೂರದ ಬೆಟ್ಟಗಳಿಗೂ ಹೋಗುತ್ತವೆ. ಹೊರಗಿನವರು ನೋಡಿದರೆ ಒಬ್ಬ ಮನುಷ್ಯನ ಹೆಸರಿನಲ್ಲಿ ಅವಿಲ್ಲ, ಹಾಲು ಕರೆಯುವುದಕ್ಕೂ ಉಳುವುದಕ್ಕೂ ಅಲ್ಲ, ಅರೆಕಾಡಿನ ಸ್ವಭಾವವೂ ಇದೆ. ಹಾಗೆಂದು ಅವನ್ನು ಒಡೆಯರಿಲ್ಲದ ದನವೆಂದು ಬರೆದರೆ ಅದು ಅಪಚಾರ ಮಾತ್ರವಲ್ಲ, ಸುಳ್ಳು ಕೂಡ. ಒಡೆಯ ದೇವರು, ಕಾಯುವವನು ಕಿಲಾರಿ, ಮೇವಿನ ಹೊಣೆ ಗುಡಿಕಟ್ಟಿನದು, ಅಂದರೆ ಆ ದೇವರ ಒಕ್ಕಲಿನವರದು.

ಊರಿನ ದೇವರಿಗೆ ಬಿಟ್ಟ ಬಸವನ ವಿಷಯವೂ ಹಾಗೆಯೇ. ಅದು ಯಾರ ಹೊಲಕ್ಕೆ ಹೋದರೂ ಅಟ್ಟುತ್ತಾರೆ, ಹೊಡೆಯುವುದಿಲ್ಲ; ಊರಿನ ಹಸುಗಳಿಗೆಲ್ಲ ಅದೇ ಹೋರಿ. ಬಿಟ್ಟದ್ದು ಎಂದರೆ ತೊರೆದದ್ದಲ್ಲ. ಆದ್ದರಿಂದ "ಒಡೆಯರಿಲ್ಲ" ಎಂಬ ಒಂದೇ ಗುರುತಿನಿಂದ ವರ್ಗೀಕರಣ ಶುರು ಮಾಡಿದರೆ ನಮ್ಮ ನಾಡಿನಲ್ಲಿ ಎಡವುತ್ತೀರಿ. ಡಾಕ್ಟರು ಹೇಳಿದಂತೆ ಸಂತಾನದಿಂದ ಶುರು ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: ನಮ್ಮ ಹಿಂಡಿನಲ್ಲಿ ನಾವು ಹೋರಿಯನ್ನು ಆರಿಸಿ ಕೂಡಿಸುವುದಿಲ್ಲ. ಹಾಗಾದರೆ ನಾವು ಕಾಡುಪಾಲಾದವರೊ?

ಮೇಷ್ಟರೇ, ಆ ಹದಿನಾಲ್ಕರಲ್ಲಿ ಯಾವುದಾದರೂ ಹಟ್ಟಿಯ ಹಿಂಡಿನಿಂದ ತಪ್ಪಿಸಿಕೊಂಡದ್ದೆ ಎಂದು ನಾಲ್ಕು ಕಡೆ ವಿಚಾರಿಸಿ ಆಮೇಲೆ ಬರೆಯಿರಿ.

ದನದಾಸ್ಪತ್ರೆ (ಶಿರಾ)

ಅಣ್ಣಾ, ನಿಮ್ಮ ಪ್ರಶ್ನೆಗೆ ತಲೆಬಾಗಿದೆ. ಸಂತಾನವೊಂದೇ ಸಾಲದು. ಕಾಯುವವರು, ನೀರು ಕುಡಿಸುವವರು, ಕಾಯಿಲೆಯಾದರೆ ನನ್ನಂಥವನನ್ನು ಕರೆಸುವವರು ಇರುವ ಹಿಂಡು ಎಷ್ಟು ಸ್ವತಂತ್ರವಾಗಿದ್ದರೂ ಸಾಕಿದ ಹಿಂಡೇ. ನಾಲ್ಕನ್ನೂ ಒಟ್ಟಿಗೆ ನೋಡಬೇಕೆಂದು ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.

ರಾಗಿ ಹೊಲ (ಬಂಗಾರಪೇಟೆ)

ಹೆಸರಿನ ಚರ್ಚೆ ಕೇಳಲು ಚೆನ್ನಾಗಿದೆ. ನಮ್ಮ ಗಡಿಯಲ್ಲಿ ಆನೆ ನುಗ್ಗಿದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕುತ್ತೇವೆ. ಪಕ್ಕದ ಮನೆಯ ದನ ನುಗ್ಗಿದರೆ ದೊಡ್ಡಿಗೆ ಹೊಡೆಯುತ್ತೇವೆ ಇಲ್ಲವೆ ಜಗಳವಾಡುತ್ತೇವೆ. ನಿಮ್ಮ ಕಾಡುಪಾಲಾದ ದನ ತೆನೆಗಟ್ಟಿದ ರಾಗಿಗೆ ಬಿದ್ದರೆ ಯಾರ ಬಾಗಿಲಿಗೆ ಹೋಗಬೇಕು? ವನ್ಯಜೀವಿ ಕಾಯ್ದೆಯ ಅನುಸೂಚಿಯಲ್ಲಿ ಅದರ ಹೆಸರಿಲ್ಲದ ಮೇಲೆ ಅರಣ್ಯದವರು ಅದು ತಮ್ಮದಲ್ಲ ಎನ್ನುತ್ತಾರೆ, ಒಡೆಯನಿಲ್ಲದ ಮೇಲೆ ದೊಡ್ಡಿಯಿಂದ ಬಿಡಿಸಿಕೊಳ್ಳಲು ಯಾರೂ ಬರುವುದಿಲ್ಲ. ದಾಖಲಾತಿಯಲ್ಲಿ ಹೆಸರಿನ ಜೊತೆಗೆ ಇದನ್ನೂ ಒಂದು ಸಾಲು ಬರೆಯಿರಿ.

ಬೆಟ್ಟದಡಿ (ಮಧುಗಿರಿ)

ಮೂರು ನಸುಕುಗಳನ್ನು ಕಟ್ಟೆಯ ಏರಿಯ ಮೇಲೆ ಕಳೆದು ಬಂದಿದ್ದೇನೆ. ಡಾಕ್ಟರು ಹೇಳಿದಂತೆ ಎಣಿಸಿದಾಗ ಐದು ಹೋರಿ, ಆರು ಹಸು, ಎರಡು ಕಡಸು, ಒಂದು ಕರು. ಎರಡನೆಯ ಕರು ಪೊದೆಯಲ್ಲಿ ಅಡಗಿರಬಹುದು, ಏಕೆಂದರೆ ಒಂದು ಹಸು ನೀರು ಕುಡಿದವಳೇ ಗುಂಪನ್ನು ಬಿಟ್ಟು ಬೇರೆ ದಿಕ್ಕಿಗೆ ಹೋಗುತ್ತಿತ್ತು. ಒಡೆದ ಎತ್ತು ಇಲ್ಲ. ಬರೆಯ ಕಲೆ ಕಾಣಲಿಲ್ಲ. ಹನ್ನೆರಡರ ಮೂಗು ಸ್ಪಷ್ಟವಾಗಿ ಕಂಡಿತು, ಚುಚ್ಚಿದ ಗುರುತಿಲ್ಲ.

ಆದರೆ ಮೂರನೆಯ ದಿನ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಎಲ್ಲಕ್ಕಿಂತ ಹಿಂದೆ ಬರುವ ಮುದಿ ಹಸುವಿನ ಎಡಗಿವಿಯಲ್ಲಿ ಹಳದಿ ಓಲೆ ಇದೆ! ಇಲಾಖೆಯವರು ಹಾಕುವ, ಹನ್ನೆರಡು ಅಂಕಿಗಳ ಅದೇ ಓಲೆ. ಅದರ ಕೊಂಬಿನ ಬಾಗುವಿಕೆಯೂ ಉಳಿದವಕ್ಕಿಂತ ಬೇರೆ. ಹಿಂದಕ್ಕೆ ಚಾಚಿ ಮುಂದಕ್ಕೆ ತಿರುಗಿದ ಹಳ್ಳಿಕಾರ್ ಕೊಂಬು. ಅಂದರೆ ಈಚಿನ ವರ್ಷಗಳಲ್ಲಿ ಯಾರೋ ತಂದು ಬಿಟ್ಟದ್ದು ಇದು. ಈಗ ಇಡೀ ಗುಂಪಿನ ಹೆಸರು ಬದಲಾಗುತ್ತದೆಯೆ?

ಅಂದಹಾಗೆ ನಮ್ಮ ಯುವಕ ಇನ್ನೂ "ಗಿಡ್ಡ ತಳಿ"ಯನ್ನು ಬಿಟ್ಟಿಲ್ಲ. ಬೆಟ್ಟದ ಬಡ ಮೇವಿನಿಂದ ತಲೆಮಾರುಗಳಲ್ಲಿ ದನ ಕುಳ್ಳಾಯಿತು ಎಂಬುದು ಅವನ ವಾದ.

ಪ್ರಾಣಿಶಾಸ್ತ್ರದ ಮೇಡಂ (ಚಿಕ್ಕಬಳ್ಳಾಪುರ)

ಆ ಯುವಕನಿಗೆ ಆಮ್‌ಸ್ಟರ್‌ಡ್ಯಾಮ್ ದ್ವೀಪದ ಕಥೆಯನ್ನು ದಯವಿಟ್ಟು ಹೇಳಿ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಫ್ರೆಂಚರ ಈ ದ್ವೀಪಕ್ಕೆ 1871ರಲ್ಲಿ ರಿಯೂನಿಯನ್‌ನಿಂದ ಬಂದ ಕುಟುಂಬವೊಂದು ಐದು ದನಗಳನ್ನು ತಂದು, ಕೆಲವೇ ತಿಂಗಳಲ್ಲಿ ಅವನ್ನು ಬಿಟ್ಟು ಹೊರಟುಹೋಯಿತು. ಐದು ದನಗಳು ಮುಂದಿನ ಶತಮಾನದಲ್ಲಿ ಸುಮಾರು ಎರಡು ಸಾವಿರವಾದವು. ದ್ವೀಪದ ಗಿಡ, ಹಕ್ಕಿಗಳಿಗೆ ಹಾನಿಯಾಗುತ್ತದೆಂದು 2010ರ ಹೊತ್ತಿಗೆ ಅವನ್ನು ಪೂರ್ತಿಯಾಗಿ ಅಳಿಸಿದರು. ದ್ವೀಪವಾಸದಿಂದ ಅವು ಬೇಗನೆ ಕುಳ್ಳಾದವೆಂದು 2017ರಲ್ಲಿ ಒಂದು ಸಂಶೋಧನೆ ವಾದಿಸಿತ್ತು. ಮುಂದೆ, ಮೊದಲೇ ತೆಗೆದಿಟ್ಟಿದ್ದ ಮಾದರಿಗಳ ವಂಶವಾಹಿಗಳನ್ನು ಓದಿದಾಗ ಅವುಗಳ ಮುಕ್ಕಾಲು ಪಾಲು ಜೆರ್ಸಿಗೆ ಹತ್ತಿರದ ಯುರೋಪಿನ ದನ, ಕಾಲು ಪಾಲು ಹಿಂದೂ ಮಹಾಸಾಗರದ ಇಣಿಯ ದನ ಎಂದು ಕಂಡಿತು. ಅಂದರೆ ತಂದ ದನಗಳೇ ಗಿಡ್ಡವಾಗಿದ್ದಿರಬೇಕು.

ನಿಮ್ಮ ಬೆಟ್ಟದ ದನಗಳೂ ಬಿಟ್ಟಾಗಲೇ ಗಿಡ್ಡ ನಾಟಿ ದನಗಳಾಗಿದ್ದರೆ? ಕೋಲಾರದ ಗಡಿಯಾಚೆಯೇ ಪುಂಗನೂರು ಇದೆ, ಅಲ್ಲಿಯ ಗಿಡ್ಡ ಹಸುಗಳು ಪ್ರಸಿದ್ಧ. ಇನ್ನು ತಳಿ ಎಂಬುದು ನಾವು ನೀವು ಘೋಷಿಸುವುದಲ್ಲ. ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಲಕ್ಷಣ, ಸಂಖ್ಯೆ, ಹರಡಿರುವ ಪ್ರದೇಶಗಳನ್ನೆಲ್ಲ ಪರಿಶೀಲಿಸಿ ನೋಂದಾಯಿಸುತ್ತದೆ. ಮಲೆನಾಡು ಗಿಡ್ಡಕ್ಕೆ ಆ ಮನ್ನಣೆ ಹಾಗೆಯೇ ಬಂತು. ತಳಿಯ ಹಿಂದೆ ಅದನ್ನು ಬೇಕೆಂದು ಕಾಪಾಡಿಕೊಂಡು ಬಂದ ಜನರಿರುತ್ತಾರೆ. ನಿಮ್ಮದು ಹದಿನಾಲ್ಕು ದನಗಳ ಗುಂಪು, ಅದನ್ನು ಗುಂಪು ಎಂದೇ ಕರೆಯುವುದು ಪ್ರಾಮಾಣಿಕ.

ಓಲೆಯ ಹಸುವಿನ ವಿಷಯ. ಒಂದು ಹೊರಗಿನ ಹಸು ಸೇರಿದ ಮಾತ್ರಕ್ಕೆ ಉಳಿದವುಗಳ ಸ್ಥಿತಿ ಬದಲಾಗುವುದಿಲ್ಲ. ಆದರೆ ಗುಂಪು ಮುಚ್ಚಿಕೊಂಡಿದೆಯೊ, ಹೊರಗಿನಿಂದ ದನ ಬಂದು ಸೇರುತ್ತಿದೆಯೊ ಎಂಬುದನ್ನು ಹೆಸರಿನ ಪಕ್ಕದಲ್ಲಿ ಬರೆಯಲೇಬೇಕು. ವರ್ಷಕ್ಕೊಂದು ಹೊಸ ದನ ಬೆಟ್ಟ ಹತ್ತಿದರೆ, ಇದು ತನ್ನಷ್ಟಕ್ಕೆ ಬೆಳೆದ ಸಂತತಿಯೊ ಊರವರು ತುಂಬಿಸುತ್ತಿರುವ ಹಿಂಡೊ ಎಂಬ ಪ್ರಶ್ನೆ ಎದ್ದೇ ಏಳುತ್ತದೆ.

ಪದಕೋಶ (ಗೌರಿಬಿದನೂರು)

ಮೇಡಂ ಮಾತಿಗೆ ಒಂದು ತಿದ್ದುಪಡಿ: "ಗುಂಪು" ಎಂದರೆ ಇಂದು ಇಲ್ಲಿ ಕಂಡ ದನಗಳು ಎಂದಷ್ಟೇ ಆಗುತ್ತದೆ. ತಲೆಮಾರುಗಳ ಅರ್ಥವೂ ಬರಬೇಕಾದರೆ "ಸಂತತಿ" ಮೇಲು.

ಬೆಟ್ಟದಡಿ (ಮಧುಗಿರಿ)

ನಿನ್ನೆ ಸಮಿತಿಯ ಸಭೆಯಲ್ಲಿ ಕೆಳಗಿನಂತೆ ಬರೆದು ಓದಿದೆ. ಯುವಕ ಅರೆಮನಸ್ಸಿನಿಂದ ಒಪ್ಪಿದ್ದಾನೆ.

"ಕಾಡುಪಾಲಾದ ನಾಟಿ ದನ, ಬೆಟ್ಟದ ಸಂತತಿ. ವೈಜ್ಞಾನಿಕ ಹೆಸರು: ಬಾಸ್ ಇಂಡಿಕಸ್. ಸಾಕುಪ್ರಾಣಿಗಳ ಭಾಗದಲ್ಲಿ ಪ್ರತ್ಯೇಕ ನಮೂದು. ಕಂಡದ್ದು ಹದಿನಾಲ್ಕು, ಹನ್ನೆರಡಕ್ಕೆ ಮೂಗು ಚುಚ್ಚಿದ ಗುರುತಿಲ್ಲ, ಒಂದಕ್ಕೆ ಕಿವಿಯೋಲೆ ಇದೆ, ಹೊರಗಿನಿಂದ ಸೇರಿದೆ. ಮೂಲ: ಬರಗಾಲದಲ್ಲಿ ಬಿಟ್ಟವು ಎಂಬ ಹಿರಿಯರ ಹೇಳಿಕೆ, ಕಾಲ ಖಚಿತವಿಲ್ಲ. ತಳಿಯೆಂದು ಪರಿಗಣಿಸಿಲ್ಲ. ದೇವರ ಎತ್ತು, ಊರ ಬಸವ, ಬೀಡಾಡಿ ದನಗಳು ಈ ನಮೂದಿಗೆ ಸೇರುವುದಿಲ್ಲ. ಬೆಳೆಹಾನಿಯಾದರೆ ಯಾರು ಹೊಣೆಯೆಂಬುದು ತೀರ್ಮಾನವಾಗಿಲ್ಲ."

ಪಾವಗಡದ ಅಣ್ಣ ಹೇಳಿದಂತೆ ಮೂರು ಹಟ್ಟಿಗಳಲ್ಲಿ ವಿಚಾರಿಸಿದೆ, ತಮ್ಮ ಹಿಂಡಿನಿಂದ ಯಾವುದೂ ತಪ್ಪಿಸಿಕೊಂಡಿಲ್ಲವೆಂದರು. ಇನ್ನು ಆ ಮುದಿ ಹಸುವಿನ ಓಲೆ. ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಓದಲು ಸಿಕ್ಕಿವೆ, ಉಳಿದದ್ದು ಕೆಸರಿನಲ್ಲಿ ಮುಚ್ಚಿಹೋಗಿದೆ. ಒಂದು ಮಳೆ ಬಿದ್ದ ಮಾರನೆಯ ನಸುಕಿಗೆ ಮತ್ತೆ ಏರಿಯ ಮೇಲೆ ಕೂರುತ್ತೇನೆ. ಡಾಕ್ಟರೇ, ಅಂಕಿಗಳು ಪೂರ್ತಿ ಸಿಕ್ಕರೆ ಯಾವ ಊರಿನ ಓಲೆಯೆಂದು ನೋಡಿ ಹೇಳುವಿರಾ? ಒಡೆಯರ ಹೆಸರು ನನಗೆ ಬೇಡ, ಯಾವ ವರ್ಷದ್ದೆಂದು ತಿಳಿದರೆ ಸಾಕು.